ತಲಕಾವೇರಿಗೆ ಸೈಕಲ್ ತಂಡ: ಒಂದು ದಿನದ ಬೆಟ್ಟದ ರೈಡ್ ಹೊಂದಿಸುವ ಬಗೆ

ಮಡಿಕೇರಿಯಿಂದ ತಲಕಾವೇರಿಗೆ ಸುಮಾರು 48 ಕಿ.ಮೀ. ಹೋಗಿ ಬಂದರೆ ನೂರಕ್ಕೆ ನಾಲ್ಕು ಕಮ್ಮಿ. ಬಯಲುಸೀಮೆಯಲ್ಲಿ ಭಾನುವಾರ ಬೆಳಗ್ಗೆ ಎದ್ದು ನೂರು ಕಿ.ಮೀ. ಮುಗಿಸಿ ಊಟಕ್ಕೆ ಮನೆ ಸೇರುವವರಿಗೆ ಇದು ದೊಡ್ಡ ಸಂಖ್ಯೆ ಅನ್ನಿಸುವುದಿಲ್ಲ. ಆದರೆ ಈ ದಾರಿಯ ಲೆಕ್ಕ ಬೇರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ದಾರಿಯಲ್ಲಿ, ತಲಕಾವೇರಿಯ ಏರು ಶುರುವಾಗುವಲ್ಲಿ ಸಿಗುವ ಭಾಗಮಂಡಲ ಕಣಿವೆಯೊಳಗೆ, ಅದಕ್ಕಿಂತ 250 ಮೀಟರಿನಷ್ಟು ಕೆಳಗೆ. ತಲಕಾವೇರಿ 1,276 ಮೀಟರ್. ಹೀಗಾಗಿ ಬೆಳಗ್ಗೆ ದಣಿವಿಲ್ಲದ ಕಾಲಿಗೆ ಒಟ್ಟಾರೆ ಇಳಿಜಾರು ಸಿಗುತ್ತದೆ, ನಡುಹಗಲಿಗೆ ದೊಡ್ಡ ಏರು, ಮಧ್ಯಾಹ್ನ ಊಟವಾದ ಮೇಲೆ ದಣಿದ ಕಾಲಿಗೆ ಮತ್ತೆ 40 ಕಿ.ಮೀ. ಏರಿಳಿತ. ತಂಡಗಳು ಸೋಲುವುದು ತಲಕಾವೇರಿಯ ಏರಿನಲ್ಲಲ್ಲ, ಈ ವಾಪಸು ದಾರಿಯಲ್ಲಿ. ಇಡೀ ದಿನದ ಯೋಜನೆಯನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು.

ದಿನ ಗೊತ್ತುಮಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಯಲ್ಲಿ ನೆನೆಯುವುದಷ್ಟೇ ಆದರೆ ಸಹಿಸಬಹುದು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಪಕ್ಕದ ಬ್ರಹ್ಮಗಿರಿಯೇ ಕುಸಿದದ್ದು ಎಲ್ಲರಿಗೂ ನೆನಪಿದೆ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ತೀರ್ಥೋದ್ಭವ ನೋಡಲು ಸಾವಿರಾರು ಜನ ಬರುತ್ತಾರೆ, ಆ ವಾರವನ್ನೂ ಬಿಟ್ಟುಬಿಡಿ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಹವೆ ಚೆನ್ನ. ಹುತ್ತರಿ ಹಬ್ಬದ ದಿನ ಬಿದ್ದರೆ ಹಳ್ಳಿಯ ಹೋಟೆಲುಗಳು ಮುಚ್ಚಿರಬಹುದು, ಮೊದಲೇ ಕೇಳಿಕೊಳ್ಳಿ. ಇದು ಕಾಫಿ ಕೊಯ್ಲಿನ ಕಾಲವೂ ಹೌದು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಕೆಲಸದವರನ್ನು ತೋಟಕ್ಕೆ ಸಾಗಿಸುವ ಜೀಪುಗಳು ಕಿರಿದಾದ ರಸ್ತೆಯಲ್ಲಿ ಅವಸರದಿಂದ ಓಡುತ್ತಿರುತ್ತವೆ. ಆ ಹೊತ್ತಿನಲ್ಲಿ ಇಬ್ಬರು ಜೊತೆಜೊತೆಯಾಗಿ ತುಳಿಯುವುದು ಬೇಡವೇ ಬೇಡ.

ಕತ್ತಲಲ್ಲಿ ಹೊರಡಬೇಡಿ. ಬಯಲಲ್ಲಿ ಬೆಳಗಿನ ಐದಕ್ಕೆ ಹೊರಡುವುದು ಬುದ್ಧಿವಂತಿಕೆ, ಇಲ್ಲಿ ಅದು ಅಪಾಯ. ಭಾಗಮಂಡಲದ ಸುತ್ತಲಿನ ಕಾಡು ಮತ್ತು ತೋಟಗಳಲ್ಲಿ ಆನೆಗಳಿವೆ. ಅವು ರಸ್ತೆ ದಾಟುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಸೈಕಲ್ ಸದ್ದು ಮಾಡುವುದಿಲ್ಲವಾದ್ದರಿಂದ ತಿರುವಿನಾಚೆ ಆನೆಗೂ ನಿಮಗೂ ಒಟ್ಟಿಗೇ ಗೊತ್ತಾಗುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹತ್ತಿರ. ಮಂಜು ಮುಸುಕಿದ್ದರೆ ಹಿಂದೆ ಕೆಂಪು ದೀಪ, ಮುಂದೆ ಮಿನುಗುವ ಬಿಳಿ ದೀಪ ಇರಲೇಬೇಕು.

ದೂರವನ್ನಲ್ಲ, ಎತ್ತರವನ್ನು ಅಳೆಯಿರಿ

ಕೋಮೂಟ್, ಸ್ಟ್ರಾವಾ ಅಥವಾ ರೈಡ್ ವಿತ್ ಜಿಪಿಎಸ್‌ನಂಥ ಆ್ಯಪಿನಲ್ಲಿ ದಾರಿ ಗುರುತಿಸಿ ಒಟ್ಟು ಏರಿಕೆ ನೋಡಿ. ಕಿಲೋಮೀಟರಿಗೆ 10 ಮೀಟರಿನೊಳಗೆ ಇದ್ದರೆ ಸಾಧಾರಣ ಏರಿಳಿತ. 15 ದಾಟಿದರೆ ಅದು ಬೆಟ್ಟದ ರೈಡೇ. ಊರೂರಿನ ಎತ್ತರ ಕಳೆದು ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ, ಏಕೆಂದರೆ ಬೆಟ್ಟಗೇರಿ, ಚೇರಂಬಾಣೆಯ ನಡುವೆ ರಸ್ತೆ ಇಳಿದಿಳಿದು ಹತ್ತುತ್ತದೆ. ಆ ಚಿಲ್ಲರೆ ಏರುಗಳೆಲ್ಲ ಸೇರಿ ದೊಡ್ಡದಾಗುತ್ತವೆ.

ಹೊತ್ತಿನ ಲೆಕ್ಕಕ್ಕೆ ಒಂದು ಸೂತ್ರ ಸಾಕು. ನಿಯಮಿತವಾಗಿ ತುಳಿಯುವ ಸಾಮಾನ್ಯ ಸವಾರ ಗಂಟೆಗೆ 400ರಿಂದ 500 ಮೀಟರ್ ಎತ್ತರ ಏರುತ್ತಾನೆ, ಗಟ್ಟಿಗರು 700. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ.ಯಲ್ಲಿ 400 ಮೀಟರಿನಷ್ಟು ಏರಬೇಕು, ಅಂದರೆ ಸರಾಸರಿ ಶೇ 5. ಸರಾಸರಿ ಶೇ 5 ಅಂದ ಮಾತ್ರಕ್ಕೆ ಉದ್ದಕ್ಕೂ ಹಾಗೇ ಇರುವುದಿಲ್ಲ. ಸಮತಟ್ಟಾದ ತುಣುಕುಗಳೂ ಬರುತ್ತವೆ, ಅವುಗಳ ಬಾಕಿಯನ್ನು ತಿರುವುಗಳಲ್ಲಿ ಶೇ 8, 10ರ ಚಡಾವಿನಲ್ಲಿ ತೀರಿಸಬೇಕು. ಮುಂದಿನವರಿಗೆ 35-40 ನಿಮಿಷ, ಕೊನೆಯವರಿಗೆ ಒಂದು ಗಂಟೆಯ ಮೇಲೆ. ವೇಳಾಪಟ್ಟಿ ಬರೆಯುವುದು ಈ ಕೊನೆಯವರ ಹೊತ್ತಿಗೆ.

ಎಂಟು ಹತ್ತು ಜನರ ಮಿಶ್ರ ತಂಡಕ್ಕೆ ಹೊಂದುವ ವೇಳೆ ಹೀಗಿದೆ: ಮಡಿಕೇರಿಯಿಂದ 6:45ಕ್ಕೆ ಹೊರಟು ಭಾಗಮಂಡಲಕ್ಕೆ 9:15. ಅರ್ಧ ಗಂಟೆ ತಿಂಡಿ, ಕಾಫಿ. 9:45ಕ್ಕೆ ಏರು ಶುರು, 11ರೊಳಗೆ ಎಲ್ಲರೂ ಮೇಲೆ. 12ಕ್ಕೆ ಮತ್ತೆ ಭಾಗಮಂಡಲ, ಊಟ. ಒಂದು ಗಂಟೆಗೆ ವಾಪಸು. ಗಂಟೆಗೆ 12-13 ಕಿ.ಮೀ. ಹಿಡಿದರೆ 4:30ರೊಳಗೆ ಮಡಿಕೇರಿ. ಕತ್ತಲಾಗುವುದಕ್ಕೆ ಆಗ ಇನ್ನೂ ಒಂದೂವರೆ ಗಂಟೆ ಇರುತ್ತದೆ. ಎರಡು ಪಂಕ್ಚರ್, ಒಂದು ಸ್ನಾಯು ಸೆಳೆತ, ಒಬ್ಬರ ನಿಧಾನ ಎಲ್ಲವೂ ಅದರಲ್ಲೇ ಹಿಡಿಯಬೇಕು.

ಗಡುವುಗಳನ್ನು ಹಿಂದಿನ ರಾತ್ರಿಯೇ ಎಲ್ಲರೆದುರು ಹೇಳಿಬಿಡಿ. 10:30ರೊಳಗೆ ಭಾಗಮಂಡಲ ಮುಟ್ಟದವರು ತಲಕಾವೇರಿ ಏರುವಂತಿಲ್ಲ. ಎಲ್ಲೇ ಇದ್ದರೂ 11:30ಕ್ಕೆ ಹಿಂದಿರುಗಬೇಕು. ವಾಪಸು ಬರುವಾಗ ಎರಡೂವರೆಯೊಳಗೆ ಚೇರಂಬಾಣೆ ದಾಟದವರು ಗಾಡಿ ಹತ್ತಬೇಕು. ಏರಿನ ನಡುವೆ, ಬೆವರು ಸುರಿಸಿಕೊಂಡು ಛಲದಲ್ಲಿರುವ ಮನುಷ್ಯನಿಗೆ ಈ ಮಾತು ಹೇಳಿದರೆ ಮನಸ್ತಾಪ ಆಗುತ್ತದೆ. ಮೊದಲೇ ಒಪ್ಪಿಕೊಂಡಿದ್ದರೆ ಆಗುವುದಿಲ್ಲ.

ಗೇರು

ತಂಡದ ಪ್ರತಿಯೊಬ್ಬರ ಸೈಕಲ್ಲಿನ ಅತಿ ಹಗುರ ಗೇರ್ ಯಾವುದೆಂದು ಎರಡು ವಾರ ಮೊದಲೇ ಕೇಳಿ ತಿಳಿದುಕೊಳ್ಳಿ. ಇದರಷ್ಟು ಉಪಯೋಗದ ಪ್ರಶ್ನೆ ಇನ್ನೊಂದಿಲ್ಲ.

ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಹಲ್ಲುಗಳ ಲೆಕ್ಕದಲ್ಲಿ ಮುಂದೆ, ಪೆಡಲ್ ಬಳಿ 50/34, ಹಿಂದಿನ ಚಕ್ರದಲ್ಲಿ 11-28 ಇರುತ್ತದೆ. ಮುಂದೆ 34, ಹಿಂದೆ 28 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಚಿಲ್ಲರೆ. ಸವಾರ, ಸೈಕಲ್, ನೀರು ಎಲ್ಲ ಸೇರಿ 87 ಕಿಲೋ ಇದ್ದರೆ ಶೇ 8ರ ಏರಿನಲ್ಲಿ ಆ ವೇಗಕ್ಕೆ 190 ವಾಟ್ ಹತ್ತಿರ ಬೇಕು. ಅಷ್ಟು ಶಕ್ತಿಯನ್ನು ಗಂಟೆಗಟ್ಟಲೆ ಕೊಡಬಲ್ಲವರು ಕಡಿಮೆ. ಆಗದಿದ್ದಾಗ ಸುತ್ತು 45ಕ್ಕೆ ಇಳಿಯುತ್ತದೆ, ಎದ್ದುನಿಂತು ತುಳಿಯುತ್ತಾರೆ, ಮಂಡಿ ನೋಯುತ್ತದೆ, ಮಧ್ಯಾಹ್ನಕ್ಕೆ ತೊಡೆ ಹಿಡಿದುಕೊಳ್ಳುತ್ತದೆ. ಹಿಂದೆ 34 ಹಲ್ಲಿನ ಗೇರ್ ಇದ್ದರೆ ಅದೇ 60 ಸುತ್ತಿಗೆ 7.5 ಕಿ.ಮೀ., ಸುಮಾರು 155 ವಾಟ್ ಸಾಕು. ಹಾಗಾಗಿ ಹಿಂದೆ 11-32 ಅಥವಾ 11-34ರ ಗೇರುಗುಚ್ಛ (ಕ್ಯಾಸೆಟ್) ಹಾಕಿಸಿಕೊಳ್ಳಲು ಹೇಳಿ. ಆದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರಿನ ಕೇಜು (ಚೈನ್ ಹಾಯುವ ತೋಳು) ಗಿಡ್ಡವಿದ್ದರೆ ಅದು ಅಷ್ಟು ದೊಡ್ಡ ಗೇರನ್ನು ತಾಳುವುದಿಲ್ಲ, ಚೈನಿನ ಉದ್ದವೂ ಸಾಲದೇ ಹೋಗಬಹುದು. ಚೈನ್ ಗಿಡ್ಡವಿದ್ದು ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿದರೆ ಡಿರೇಲರ್ ಕಿತ್ತೇ ಬರುತ್ತದೆ. ಬದಲಾಯಿಸಿದ ಮೇಲೆ ಸ್ಟ್ಯಾಂಡಿನ ಮೇಲಿಟ್ಟು ಆ ಜೋಡಿಯನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಲೇಬೇಕು. ಪೆಡಲ್ ಬಳಿ ಮೂರು ಹಲ್ಲುಚಕ್ರವಿರುವ ಹೈಬ್ರಿಡ್ ಮತ್ತು ಎಂಟಿಬಿ (ಮೌಂಟನ್ ಬೈಕ್) ಸವಾರರಿಗೆ ಈ ಚಿಂತೆ ಇಲ್ಲ. ಅವರು ನಿಧಾನ, ಆದರೆ ಇಳಿದು ತಳ್ಳುವ ಪ್ರಮೇಯ ಬರುವುದಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೆಂಗಳೂರಿನಿಂದ ಮಡಿಕೇರಿಗೆ 260 ಕಿ.ಮೀ. ಸೈಕಲ್ಲುಗಳು ಬಸ್ಸಿನ ಹೊಟ್ಟೆಯಲ್ಲೋ ಟೆಂಪೋದಲ್ಲೋ ಒಂದರ ಮೇಲೊಂದು ಬರುತ್ತವೆ. ಬಲಮಗ್ಗುಲಿಗೆ ಮಲಗಿಸಿದ ಸೈಕಲ್ಲಿನ ಭಾರವೆಲ್ಲ ಡಿರೇಲರ್ ಮೇಲೆ ಬಿದ್ದು ಅದನ್ನು ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಸಮತಟ್ಟಿನಲ್ಲಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಮೊದಲ ಕಡಿದಾದ ಏರಿನಲ್ಲಿ ಅತಿ ಹಗುರ ಗೇರಿಗೆ ಹಾಕಿದ ಕೂಡಲೇ ಡಿರೇಲರ್ ಹಿಂಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡು ಹ್ಯಾಂಗರ್ ಮುರಿಯುತ್ತದೆ, ಕಡ್ಡಿಗಳೂ ಹೋಗುತ್ತವೆ. ಆ ಸೈಕಲ್ಲಿನ ರೈಡ್ ಅಲ್ಲಿಗೆ ಮುಗಿಯಿತು.

ಇದನ್ನು ಹಿಡಿಯುವುದು ಸುಲಭ. ಹಿಂದಿನ ಸಂಜೆ ಸೈಕಲ್ಲಿನ ನೇರ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಡಿರೇಲರಿನ ಎರಡು ಪುಟ್ಟ ಚಕ್ರಗಳೂ ಮೇಲಿನ ಗೇರಿನ ಹಲ್ಲುಗಳೂ ಒಂದೇ ಗೆರೆಯಲ್ಲಿರಬೇಕು. ಕೆಳಗಿನ ಪುಟ್ಟ ಚಕ್ರ ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ ಎಂದೇ ಅರ್ಥ. ಆಮೇಲೆ ಹಿಂದಿನ ಚಕ್ರ ಎತ್ತಿ, ಪೆಡಲ್ ನಿಧಾನವಾಗಿ ತಿರುಗಿಸುತ್ತಾ ಅತಿ ದೊಡ್ಡ ಗೇರಿಗೆ ಹಾಕಿ, ಶಿಫ್ಟರನ್ನು ಇನ್ನಷ್ಟು ಒತ್ತಿ. ಕೇಜು ಕಡ್ಡಿಗೆ ತಾಗುವ ಟಿಕ್ ಟಿಕ್ ಕೇಳಿಸಿದರೆ ಎಲ್ ಎಂದು ಬರೆದಿರುವ ಸ್ಕ್ರೂವನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಹೋಗಿ. ಸಾಗಿಸುವಾಗ ಎಡಮಗ್ಗುಲಿಗೆ ಮಲಗಿಸಿ. ಹ್ಯಾಂಗರ್ ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ ಇರುವುದರಿಂದ ಪ್ರತಿಯೊಬ್ಬರೂ ತಮ್ಮ ಸೈಕಲ್ಲಿನದೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿರಬೇಕು.

ಇಳಿಜಾರು, ಬ್ರೇಕು

ತಲಕಾವೇರಿಯಿಂದ ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಬರಬಾರದು. ರಿಮ್ ಬ್ರೇಕಿನಲ್ಲಿ ರಿಮ್ ಕಾದು ಒಳಗಿನ ಟ್ಯೂಬ್ ಸಿಡಿಯುವ ಅಪಾಯವಿದೆ. ಡಿಸ್ಕಿನಲ್ಲಿ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು, ಆಮೇಲೆ ವಾಲಿ. ತಿರುವಿನ ಹೊರಬದಿಯ ಕಾಲು ಕೆಳಗಿರಲಿ, ಅದರ ಮೇಲೆಯೇ ಭಾರ ಹಾಕಿ. ಮರಗಳ ನೆರಳಿರುವ ತಿರುವುಗಳಲ್ಲಿ ಹನ್ನೊಂದು ಗಂಟೆಗೂ ಇಬ್ಬನಿಯ ತೇವ ಇರುತ್ತದೆ, ತರಗೆಲೆ ಬಿದ್ದಿರುತ್ತದೆ. ಬಿಸಿಲಿನಿಂದ ನೆರಳಿಗೆ ಹೋಗುವ ಮೊದಲೇ ನಿಧಾನಿಸಿ. ಎದುರಿನ ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ ಎಂದುಕೊಂಡೇ ಇಳಿಯಬೇಕು. ಇಬ್ಬರ ನಡುವೆ ಕನಿಷ್ಠ 30 ಮೀಟರ್ ಅಂತರವಿರಲಿ, ಇಳಿಜಾರಿನಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವುದು ಬೇಡ.

ಟೈರಿನ ಗಾಳಿ 75 ಕಿಲೋ ಸವಾರನಿಗೆ 28 ಮಿ.ಮೀ. ಟೈರಿನಲ್ಲಿ 75-80 ಪಿಎಸ್‌ಐ, 32ರಲ್ಲಿ 60ರ ಆಸುಪಾಸು. ರಸ್ತೆ ಒದ್ದೆಯಿದ್ದರೆ ಐದು ಕಮ್ಮಿ ಮಾಡಿ.

ತಂಡ ನಡೆಸುವುದು

ಏರಿನಲ್ಲಿ ತಂಡವನ್ನು ಒಟ್ಟಿಗೆ ಇಡಲು ಹೋಗಬೇಡಿ. ಬಲವಿದ್ದವರು ನಿಧಾನಿಸಿದರೆ ಅವರಿಗೆ ಹಿಂಸೆ, ಬಲವಿಲ್ಲದವರು ಬೆನ್ನಟ್ಟಿದರೆ ಹತ್ತೇ ನಿಮಿಷದಲ್ಲಿ ಕುಸಿಯುತ್ತಾರೆ. ಏರಿನಲ್ಲಿ ಅವರವರ ವೇಗ ಅವರವರದು. ಸೇರುವ ಜಾಗಗಳನ್ನು ಮಾತ್ರ ಖಚಿತ ಮಾಡಿ: ಬೆಟ್ಟಗೇರಿ, ಚೇರಂಬಾಣೆ, ಭಾಗಮಂಡಲ, ತಲಕಾವೇರಿ ಮೆಟ್ಟಿಲ ಬುಡದ ಪಾರ್ಕಿಂಗ್. ಕವಲುದಾರಿ ಸಿಕ್ಕಲ್ಲೆಲ್ಲ ಮುಂದಿದ್ದವರು ಹಿಂದಿನವರು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು. ನಿಲ್ಲುವುದು ತಿರುವಿನಲ್ಲಲ್ಲ, ರಸ್ತೆಯಿಂದ ಪೂರ್ತಿ ಕೆಳಗಿಳಿದು. ಕೊನೆಯವರು ಬಂದು ಮುಟ್ಟಿದ ಕ್ಷಣವೇ ಮುಂದಿನವರು ಹೊರಟುಬಿಡುವುದು ಬಹಳ ಕಡೆ ಕಾಣುವ ಕೆಟ್ಟ ಅಭ್ಯಾಸ. ಅತಿ ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ಕೊನೆಯವರು ಬಂದ ಮೇಲೆ ಐದು ನಿಮಿಷ ಎಣಿಸಿ, ಆಮೇಲೆ ಹೊರಡಿ.

ಎಲ್ಲರಿಗಿಂತ ಮುಂದೆ ಲೀಡ್ ಒಬ್ಬರು, ಎಲ್ಲರಿಗಿಂತ ಹಿಂದೆ ಸ್ವೀಪ್ ಒಬ್ಬರು. ಸ್ವೀಪ್ ಆಗುವವರು ತಂಡದ ಬಲಶಾಲಿಗಳಲ್ಲಿ ಒಬ್ಬರಾಗಿರಬೇಕು, ರಿಪೇರಿ ಬಲ್ಲವರಾಗಿರಬೇಕು, ಮುಖ್ಯವಾಗಿ ತಾಳ್ಮೆಯವರಾಗಿರಬೇಕು. ಯಾರೇ ನಿಂತರೂ ಆ ನಿಂತವರನ್ನು ದಾಟಿ ಸ್ವೀಪ್ ಮುಂದೆ ಹೋಗುವಂತಿಲ್ಲ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಲೀಡ್ ಮತ್ತು ಸ್ವೀಪ್ ಬಳಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ, ಎಲ್ಲರ ಫೋನಿನಲ್ಲೂ ನಕ್ಷೆ ಮೊದಲೇ ಇಳಿಸಿಕೊಂಡಿರಲಿ. ದೊಡ್ಡ ಗಾಯವಾದರೆ 108ಕ್ಕೆ ಕರೆ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಸಾಗಿಸುವುದು.

ಜೊತೆಗೊಂದು ಗಾಡಿ ಬೇಕು, ಆದರೆ ಅದು ಸೈಕಲ್ಲುಗಳ ಬೆನ್ನಿಗೇ ತೆವಳಬಾರದು. ಕಿರಿದಾದ ರಸ್ತೆಯಲ್ಲಿ ಅದರ ಹಿಂದೆ ವಾಹನಗಳು ಸಾಲುಗಟ್ಟಿ, ತಾಳ್ಮೆ ಕೆಟ್ಟ ಚಾಲಕರು ತಿರುವಿನಲ್ಲೇ ಮುನ್ನುಗ್ಗುತ್ತಾರೆ. ಗಾಡಿ ಮುಂದಿನ ಸೇರುವ ಜಾಗಕ್ಕೆ ಹೋಗಿ ಕಾಯಲಿ. ಸ್ವೀಪ್ ಹೇಳಿದಾಗ ಮಾತ್ರ ಹಿಂದಕ್ಕೆ ಬರಲಿ.

ಗಾಡಿಯಲ್ಲಿ ನಿಲ್ಲಿಸಿ ಹೊಡೆಯುವ ಪಂಪು, ತಂಡದಲ್ಲಿರುವ ಪ್ರತಿ ಅಳತೆಯ ಒಂದೊಂದು ಹೊರಟೈರು, ಗೇರ್ ಮತ್ತು ಬ್ರೇಕಿನ ಒಳತಂತಿ, ಡಿಸ್ಕ್ ಪ್ಯಾಡು, 9, 10, 11 ಸ್ಪೀಡಿಗೆ ತಕ್ಕ ಕ್ವಿಕ್ ಲಿಂಕು (ತುಂಡಾದ ಚೈನ್ ಜೋಡಿಸುವ ಕೊಂಡಿ), ಚೈನ್ ಕಟ್ಟರ್ ಇರಲಿ. ಪ್ರತಿಯೊಬ್ಬರ ಬಳಿ ಎರಡು ಟ್ಯೂಬ್, ಲಿವರ್, ಪ್ಯಾಚ್, ಕೈಪಂಪು. ಟ್ಯೂಬಿನ ಅಳತೆಯ ಜೊತೆಗೆ ವಾಲ್ವ್ ತೆಳ್ಳಗಿನ ಪ್ರೆಸ್ಟಾವೋ, ಕಾರು, ಬೈಕಿನಲ್ಲಿರುವಂಥ ದಪ್ಪ ಶ್ರೇಡರೋ ನೋಡಿಕೊಳ್ಳಿ. ಪ್ರೆಸ್ಟಾಕ್ಕೆ ಮಾಡಿದ ಕಿರಿದಾದ ತೂತಿನಲ್ಲಿ ಶ್ರೇಡರ್ ತೂರುವುದೇ ಇಲ್ಲ.

ನೀರು, ತಿನಿಸು

ತಂಪು ಹವೆಯಲ್ಲಿ ಬಾಯಾರುವುದು ಗೊತ್ತಾಗುವುದಿಲ್ಲ, ಬೆವರು ಮಾತ್ರ ಹರಿಯುತ್ತಲೇ ಇರುತ್ತದೆ. ಗಂಟೆಗೆ 500ರಿಂದ 700 ಮಿ.ಲೀ. ಕುಡಿಯಿರಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಅರ್ಧವನ್ನೇ ಹಾಕಿ.

ಮೊದಲ ಮುಕ್ಕಾಲು ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಗಂಟೆಗೆ 40-60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಒಂದು ಬಾಳೆಹಣ್ಣು, ಒಂದು ಕಡಲೆ ಚಿಕ್ಕಿ, ಎರಡು ಖರ್ಜೂರ. ಭಾಗಮಂಡಲದಲ್ಲಿ ಏರುವ ಮೊದಲು ಇಡ್ಲಿ ಸರಿ, ಪೂರಿ ಬೇಡ. ಮಧ್ಯಾಹ್ನದ ಊಟವನ್ನೂ ಅರ್ಧ ಹೊಟ್ಟೆಗೆ ನಿಲ್ಲಿಸಿ, ಇನ್ನರ್ಧವನ್ನು ಚೇರಂಬಾಣೆಯಲ್ಲಿ ಚಹಾ, ಬನ್ನಿನ ಜೊತೆ ಮುಗಿಸಿ. ಹೊಟ್ಟೆ ತುಂಬಾ ಅನ್ನ ಉಂಡು ಏರು ಹತ್ತಿದವರು ಹೆಚ್ಚಾಗಿ ಎರಡನೇ ತಿರುವಿನಲ್ಲೇ ಇಳಿದು ನಿಲ್ಲುತ್ತಾರೆ.

ತಲಕಾವೇರಿ ಪುಣ್ಯಕ್ಷೇತ್ರ. ಬಿಗಿಯಾದ ಸೈಕ್ಲಿಂಗ್ ಚಡ್ಡಿಯಲ್ಲೇ ಒಳಗೆ ಹೋಗುವುದು ಚೆನ್ನಾಗಿರುವುದಿಲ್ಲ, ಗಾಡಿಯಲ್ಲಿ ಪಂಚೆ ಅಥವಾ ಪ್ಯಾಂಟು ಇರಲಿ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಕಲ್ಲಿನ ಮೆಟ್ಟಿಲ ಮೇಲೆ ಜಾರುತ್ತದೆ, ಚಪ್ಪಲಿಯನ್ನೂ ತುಂಬಿಕೊಳ್ಳಿ. ಮೇಲೆ ಗಾಳಿ ಜೋರಾಗಿರುತ್ತದೆ, ಬೆವರಿದ ಮೈಗೆ ಚಳಿ ಬೇಗ ಹತ್ತುತ್ತದೆ. ಪ್ರತಿಯೊಬ್ಬರ ಹೆಸರು ಬರೆದ ತೆಳು ಜಾಕೆಟ್ಟಿನ ಚೀಲವನ್ನು ಪಾರ್ಕಿಂಗಿನಲ್ಲಿ ನಿಂತ ಗಾಡಿಯಿಂದಲೇ ಕೊಡಿಸಿ. ಇಳಿಯುವಾಗ ನಡುಗುವ ಬೆರಳಿಗೆ ಬ್ರೇಕ್ ಹಿಡಿಯುವ ಬಲ ಇರುವುದಿಲ್ಲ.