ಅಮೆರಿಕದಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ: ಇನ್ಶೂರೆನ್ಸ್‌ನವರು ಆಗಲ್ಲ ಅಂದಾಗ

ಹೋದ ವರ್ಷ ಸ್ನೇಹಿತರೊಬ್ಬರ ಹೆಂಡತಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಗಂಡ ತಾನಾಗಿಯೇ ಒಪ್ಪಿ ರಿಹ್ಯಾಬ್ ಸೇರಿ ಆರು ದಿನ ಆಗಿತ್ತು. ಅಷ್ಟರಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ಕಾಗದ. ಅಲ್ಲೇ ಉಳಿಯುವುದು ‘ವೈದ್ಯಕೀಯವಾಗಿ ಅಗತ್ಯವಿಲ್ಲ’, ಇನ್ನು ದುಡ್ಡು ಕೊಡಲ್ಲ ಅಂತ. “ನಾಳೆ ಮನೆಗೆ ಕರ್ಕೊಂಡು ಬಂದುಬಿಡ್ಲಾ ಅಣ್ಣಾ?” ಅಂದರು. ಬೇಡಮ್ಮ, ಮೊದಲು ಆ ಕಾಗದದ ಫೋಟೋ ಕಳಿಸು ಅಂದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾದರೆ ಚೀಟಿ ಮಾಡಿಸಿ ಕಾದು ಕೂತರೆ ಡಾಕ್ಟರನ್ನು ನೋಡಬಹುದು. ಇಲ್ಲಿ ಡಾಕ್ಟರಿಗಿಂತ ಮೊದಲು ಇನ್ಶೂರೆನ್ಸ್ ಪ್ಲಾನು ಮಾತಾಡುತ್ತದೆ. ಆದರೆ ಅದರ ಮಾತೇ ಕೊನೆ ಅಲ್ಲ. 2008ರಲ್ಲಿ ಒಂದು ಕಾನೂನು ಬಂತು, ಪ್ಯಾರಿಟಿ ಲಾ, ಅಂದರೆ ಸಮಾನತೆಯ ಕಾನೂನು ಅನ್ನುತ್ತಾರೆ. 1996ರಲ್ಲೂ ಇಂಥದ್ದೊಂದು ಬಂದಿತ್ತು, ಅದರಲ್ಲಿ ಚಟದ ಚಿಕಿತ್ಸೆ ಸೇರಿರಲಿಲ್ಲ. 2008ರ ಕಾನೂನು ಹೇಳುವುದು ಇಷ್ಟೇ: ಪ್ಲಾನಿನಲ್ಲಿ ಚಟದ ಚಿಕಿತ್ಸೆ ಇದ್ದರೆ, ಅದಕ್ಕೆ ಹಾಕುವ ಷರತ್ತು ಮೈ ಕಾಯಿಲೆಗೆ ಹಾಕುವುದಕ್ಕಿಂತ ಬಿಗಿಯಾಗಿರಬಾರದು.

ಕೋಪೇ (ಪ್ರತಿ ಸಲ ನಾವು ಕೊಡುವ ಪಾಲು), ಡಿಡಕ್ಟಿಬಲ್ (ಪ್ಲಾನು ಕೊಡುವ ಮೊದಲು ನಮ್ಮ ಕೈಯಿಂದ ಹೋಗುವ ದುಡ್ಡು), ಇಷ್ಟೇ ದಿನ ಎಂಬ ಮಿತಿ, ಇವೆಲ್ಲ ಅಂಕಿಗಳು. ಪಕ್ಕಪಕ್ಕ ಇಟ್ಟು ನೋಡಬಹುದು. ಜನ ಸಿಕ್ಕಿಹಾಕಿಕೊಳ್ಳುವುದು ಅಂಕಿಯಲ್ಲಿ ಕಾಣದ ತಡೆಗಳಲ್ಲಿ. ಮೊದಲೇ ಅನುಮತಿ ಪಡೆಯಿರಿ, ಮೊದಲು ಅಗ್ಗದ ಚಿಕಿತ್ಸೆ ಮಾಡಿಸಿ ನೋಡಿ ಅನ್ನುತ್ತಾರೆ. ಮಂಡಿ ಆಪರೇಷನ್ ಆದವರನ್ನು ನರ್ಸಿಂಗ್ ಫೆಸಿಲಿಟಿಯಲ್ಲಿ ಎರಡು ವಾರ ಸುಮ್ನೆ ಬಿಟ್ಟು, ರಿಹ್ಯಾಬ್‌ನಲ್ಲಿರುವವರ ಬಗ್ಗೆ ಮಾತ್ರ ಮೂರು ದಿನಕ್ಕೊಮ್ಮೆ ‘ಇನ್ನೂ ಯಾಕೆ ಇದ್ದಾರೆ’ ಅಂತ ಕೇಳಿದರೆ, ನೀವು ತಿರುಗಿ ಪ್ರಶ್ನೆ ಕೇಳಬಹುದು. ಇಂಥ ತಡೆಗಳನ್ನು ಎರಡೂ ಕಡೆ ಒಂದೇ ರೀತಿ ಹಾಕಿದ್ದೇವೆ ಎಂದು ತೋರಿಸುವ ಹೋಲಿಕೆಯನ್ನು ಪ್ಲಾನಿನವರು ಬರೆದಿಟ್ಟಿರಬೇಕು ಅಂತ 2021ರಿಂದ ನಿಯಮವಿದೆ. ಕೆಲಸದ ಕಡೆಯ ಪ್ಲಾನಾದರೆ ಅದನ್ನು ನೀವೇ ಕೇಳಿ ಪಡೆಯಬಹುದು. ಫೋನಿನಲ್ಲಿ ಕೇಳಬೇಡಿ, ಬರೆದು ಕೇಳಿ.

ಆ ರಾತ್ರಿ ನಾವು ಮಾಡಿದ್ದೂ ಬರೆಯುವ ಕೆಲಸವೇ. ಸಾಮಾನ್ಯವಾಗಿ ಅಪೀಲಿಗೆ 180 ದಿನ ಸಮಯ ಇರುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ನಿಲ್ಲಿಸಿದರೆ ಅಷ್ಟು ಕಾಯಬೇಕಿಲ್ಲ, ತುರ್ತು ಅಪೀಲು ಹಾಕಬಹುದು, 72 ಗಂಟೆಯೊಳಗೆ ಉತ್ತರ ಬರಬೇಕು. ರಿಹ್ಯಾಬ್ ಡಾಕ್ಟರ್ ಒಂದು ಪುಟದ ಪತ್ರ ಕೊಟ್ಟರು: ಹಿಂದೆ ಎರಡು ಸಲ ಮನೆಯಲ್ಲೇ ಬಿಡಲು ಹೋಗಿ ಒಮ್ಮೆ ಫಿಟ್ಸ್ ಬಂದಿತ್ತು, ಈಗ ಕಳಿಸಿದರೆ ಅಪಾಯ ಅಂತ. ಎರಡನೇ ದಿನ ಒಪ್ಪಿಗೆ ಬಂತು. ಒಪ್ಪದೇ ಹೋಗಿದ್ದರೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳುವ ದಾರಿಯೂ ಇತ್ತು.

ಒಂದು ವಿಷಯ ಈಗಲೇ ಎಚ್‌ಆರ್‌ಗೆ ಕೇಳಿಟ್ಟುಕೊಳ್ಳಿ: ನಮ್ಮ ಪ್ಲಾನು ಸೆಲ್ಫ್ ಫಂಡೆಡಾ (ಅಂದರೆ ಚಿಕಿತ್ಸೆಯ ದುಡ್ಡು ಕಂಪನಿಯೇ ಕೊಡುತ್ತದಾ), ಇಲ್ಲವಾ? ಕಾರಣ ಹೇಳಬೇಕಿಲ್ಲ. ಖಾಸಗಿ ಕಂಪನಿಯ ಸೆಲ್ಫ್ ಫಂಡೆಡ್ ಪ್ಲಾನಾದರೆ ದೂರು ಹೋಗುವುದು ಕೇಂದ್ರದ ಲೇಬರ್ ಡಿಪಾರ್ಟ್‌ಮೆಂಟಿಗೆ, 1-866-444-3272. ಇನ್ಶೂರೆನ್ಸ್ ಕಂಪನಿಯಿಂದ ಕೊಂಡ ಪ್ಲಾನಾದರೆ ನಿಮ್ಮ ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ.

ದೊಡ್ಡ ಕಂಪನಿಗಳು ಚಟದ ಚಿಕಿತ್ಸೆ ಕೊಡಲೇಬೇಕು ಅಂತ ಈ ಕಾನೂನು ಹೇಳುವುದಿಲ್ಲ, ಕೊಟ್ಟರೆ ಸಮನಾಗಿ ಕೊಡಿ ಅನ್ನುತ್ತದೆ. ಆದರೆ ಮಾರ್ಕೆಟ್‌ಪ್ಲೇಸ್‌ನಲ್ಲಿ (ಸರ್ಕಾರ ನಡೆಸುವ ಇನ್ಶೂರೆನ್ಸ್ ಮಾರುಕಟ್ಟೆ) ಕೊಳ್ಳುವ ಪ್ಲಾನುಗಳಲ್ಲಿ 2014ರಿಂದ ಇದು ಇರಲೇಬೇಕು. ಊರಿನಿಂದ ಬರುವ ಅಪ್ಪ ಅಮ್ಮನಿಗೆ ನಾವು ಮಾಡಿಸುವ ವಿಸಿಟರ್ ಇನ್ಶೂರೆನ್ಸ್‌ಗೆ ಈ ಕಾನೂನು ತಾಕುವುದೇ ಇಲ್ಲ. ಅಪ್ಪನಿಗೆ ಕುಡಿತದ ತೊಂದರೆ ಇದ್ದರೆ ಟಿಕೆಟ್ ಮಾಡುವ ಮೊದಲೇ ಯೋಚಿಸಿ.

ಜಾಸ್ತಿ ಜನ ಹಿಂಜರಿಯುವುದು ಆಫೀಸಿಗೆ ಗೊತ್ತಾದರೆ ಅನ್ನುವ ಭಯಕ್ಕೆ. ಚಟದ ಚಿಕಿತ್ಸೆಯ ದಾಖಲೆಗಳಿಗೆ ಕೇಂದ್ರ ಕಾನೂನಿನ ಪ್ರತ್ಯೇಕ ರಕ್ಷಣೆ ಇದೆ. ಮನೆಯೊಳಗೆ ಒಂದು ಎಚ್ಚರ ಬೇಕು: ಎಚ್-4ರಲ್ಲಿರುವ (ಗಂಡನ ಕೆಲಸದ ವೀಸಾ ಆಧಾರದ ವೀಸಾ) ಹೆಂಡತಿ ಚಿಕಿತ್ಸೆ ತೆಗೆದುಕೊಂಡರೂ ಅದರ ವಿವರದ ಕಾಗದ ಪಾಲಿಸಿ ಇರುವ ಗಂಡನ ಹೆಸರಿಗೇ ಬರಬಹುದು. ಅದರಿಂದ ತೊಂದರೆಯಾಗುವ ಹಾಗಿದ್ದರೆ ಬೇರೆ ವಿಳಾಸಕ್ಕೆ ಕಳಿಸಿ ಅಂತ ಇನ್ಶೂರೆನ್ಸ್‌ನವರನ್ನು ಕೇಳಬಹುದು.

ಕಾಗದದ ಜಗಳ ನಡೆಯುವಾಗ, ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ ಹೆಚ್ಚಾದರೆ, ಇಲ್ಲದ್ದು ಕಂಡಂತಾದರೆ, ಫಿಟ್ಸ್ ಬಂದರೆ 911ಕ್ಕೆ ಕರೆ ಮಾಡಿ. ಎಮರ್ಜೆನ್ಸಿಗೆ ಹೋಗಲು ಪ್ಲಾನಿನ ಅನುಮತಿ ಬೇಕಿಲ್ಲ. ಎಲ್ಲಿ ಚಿಕಿತ್ಸೆ ಸಿಗುತ್ತದೆ ಅಂತ ತಿಳಿಯಲು ಕೇಂದ್ರ ಸರ್ಕಾರದ ಸಹಾಯವಾಣಿ 1-800-662-4357 ಇದೆ, ಹಗಲು ರಾತ್ರಿ, ಉಚಿತ.