ಪ್ರೌಢಶಾಲೆಯ ಇಂಗ್ಲಿಷ್ ಸಾಹಿತ್ಯ: ವಿದ್ಯಾರ್ಥಿಯ ಪ್ರಶ್ನೆಯಿಂದ ಪಾಠ ಕಟ್ಟುವ ಬಗೆ

ಪದ್ಯವೊಂದನ್ನು ಪಾಠಕ್ಕೆ ಎತ್ತಿಕೊಂಡ ಕೂಡಲೇ ಕವಿಪರಿಚಯ, ಕಠಿಣ ಪದಗಳ ಅರ್ಥ, ಸಾರಾಂಶ ಎಲ್ಲವನ್ನೂ ಶಿಕ್ಷಕರೇ ಹೇಳಿಬಿಟ್ಟರೆ, ಬರೆದುಕೊಳ್ಳುವುದೊಂದನ್ನು ಬಿಟ್ಟು ವಿದ್ಯಾರ್ಥಿಗೆ ಬೇರೆ ಕೆಲಸವೇ ಉಳಿಯುವುದಿಲ್ಲ. ಓದುಗನೂ ಕೃತಿಯೂ ಮುಖಾಮುಖಿಯಾದಾಗ ಅರ್ಥ ಹುಟ್ಟುತ್ತದೆ ಎಂಬ ವಿಚಾರವನ್ನು ಅಮೆರಿಕದ ಸಾಹಿತ್ಯ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಅದು ತರಗತಿಯಲ್ಲಿ ನಿಜವಾಗಬೇಕಾದರೆ ಮೊದಲ ಓದು ವಿದ್ಯಾರ್ಥಿಯದಾಗಬೇಕು. ಅಲ್ಲಿಯವರೆಗೆ ಶಿಕ್ಷಕರು ತಮ್ಮ ವ್ಯಾಖ್ಯಾನವನ್ನು ತಡೆದಿಟ್ಟುಕೊಳ್ಳಬೇಕು.

ಪದ್ಯವನ್ನು ಎರಡು ಬಾರಿ ಗಟ್ಟಿಯಾಗಿ ಓದಿಸಿ, ಆಮೇಲೆ ಐದು ನಿಮಿಷ ಮೌನಕ್ಕೆ ಬಿಡಿ. ಪ್ರತಿಯೊಬ್ಬರೂ ಮನಸ್ಸಿಗೆ ತಟ್ಟಿದ ಒಂದು ಸಾಲಿಗೆ ಗೆರೆ ಎಳೆದು, ಬಗೆಹರಿಯದ ಒಂದು ಸಂಗತಿಯನ್ನು ಚೀಟಿಯಲ್ಲಿ ಪ್ರಶ್ನೆಯಾಗಿ ಬರೆಯಲಿ. ಇಂಗ್ಲಿಷಿನಲ್ಲಿ ಬರೆಯಲು ತಡವರಿಸುವವರು ಮಾತೃಭಾಷೆಯಲ್ಲೇ ಬರೆಯಲಿ. ಯೋಚನೆ ಮೂಡಿದ ಮೇಲೆ ಇಂಗ್ಲಿಷ್ ವಾಕ್ಯವನ್ನು ಜೊತೆಗೂಡಿ ಕಟ್ಟಬಹುದು. ನಿಘಂಟಿನಲ್ಲೇ ಉತ್ತರ ಸಿಗುವ ಪ್ರಶ್ನೆಗಳನ್ನು ಅಲ್ಲಲ್ಲೇ ಮುಗಿಸಿ, ಚರ್ಚೆಗೆ ತಕ್ಕವನ್ನು ಮಾತ್ರ ಹಲಗೆಯ ಮೇಲೆ ಬರೆಯಿರಿ.

ರಾಬರ್ಟ್ ಫ್ರಾಸ್ಟ್ ಅವರ 'ದಿ ರೋಡ್ ನಾಟ್ ಟೇಕನ್' ಪದ್ಯವನ್ನೇ ತೆಗೆದುಕೊಳ್ಳೋಣ. ಕಾಡಿನಲ್ಲಿ ಹಾದಿ ಎರಡಾಗಿ ಕವಲೊಡೆದಾಗ ಪಯಣಿಗನೊಬ್ಬ ಒಂದನ್ನು ಆರಿಸಿಕೊಳ್ಳುತ್ತಾನೆ. ಹೆಚ್ಚು ಜನ ತುಳಿಯದ ಹಾದಿ ಹಿಡಿದವನು ಗೆದ್ದ ಎಂದು ಬಹಳಷ್ಟು ಮಕ್ಕಳು ಮೊದಲ ಓದಿನಲ್ಲಿ ಹೇಳುತ್ತಾರೆ, ಏಕೆಂದರೆ ಕೊನೆಯ ಸಾಲುಗಳು ಹಾಗೆಯೇ ಕೇಳಿಸುತ್ತವೆ. ಅವರನ್ನು ತಿದ್ದಲು ಹೋಗಬೇಡಿ. ಎರಡು ಹಾದಿಗಳು ಎಷ್ಟೆಷ್ಟು ಸವೆದಿದ್ದವು, ಎರಡನೆಯ ಚರಣದಲ್ಲಿ ಹುಡುಕಿ ಎಂದಷ್ಟೇ ಹೇಳಿ. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಸವೆದಿದ್ದವೆಂದು ಅಲ್ಲಿ ಸ್ಪಷ್ಟವಾಗಿದೆ; ಮೂರನೆಯ ಚರಣದಲ್ಲಿ ಎರಡರ ಮೇಲೂ ಯಾರೂ ತುಳಿಯದ ಎಲೆಗಳಿವೆ. ಹಾಗಾದರೆ ಮುಂದೊಂದು ದಿನ ಆ ಪಯಣಿಗ ನಿಟ್ಟುಸಿರಿಟ್ಟು ಬೇರೆಯೇ ಕಥೆ ಹೇಳುವುದೇಕೆ? ಈ ಪ್ರಶ್ನೆ ಶಿಕ್ಷಕರ ಬಾಯಿಂದ ಬಂದರೆ ಟಿಪ್ಪಣಿಯಾಗಿ ಪುಸ್ತಕ ಸೇರುತ್ತದೆ. ವಿದ್ಯಾರ್ಥಿಯೊಬ್ಬಳಿಗೆ ತಾನಾಗಿ ಹೊಳೆದರೆ ತರಗತಿಯೇ ಪದ್ಯವನ್ನು ಮೂರನೆಯ ಸಲ ಓದುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಕಷ್ಟದ ಕೆಲಸ. ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆಂದೂ ವಿಜ್ಞಾನದ ತರಗತಿಗಳನ್ನು ಗಮನಿಸಿದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟರು. ಸಾಹಿತ್ಯಕ್ಕೆ ಮೂರು ಸೆಕೆಂಡೂ ಸಾಲದೆಂದೇ ನನ್ನ ಅಭಿಪ್ರಾಯ. ಮೊದಲು ಪಕ್ಕದವರೊಡನೆ ಎರಡು ನಿಮಿಷ ಮಾತನಾಡಲು ಬಿಟ್ಟು, ನಂತರ ಇಡೀ ತರಗತಿಗೆ ಅದೇ ಪ್ರಶ್ನೆ ಹಾಕಿದರೆ ಸಂಕೋಚದ ಮಕ್ಕಳೂ ಬಾಯಿ ಬಿಡುತ್ತಾರೆ.

ದಾನಿ ಎಡ್ವರ್ಡ್ ಹಾರ್ಕ್‌ನೆಸ್ 1930ರಲ್ಲಿ ಕೊಟ್ಟ ದೇಣಿಗೆಯಿಂದ ಅಮೆರಿಕದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ಎಂಬ ಶಾಲೆಯಲ್ಲಿ ಅಂಡಾಕಾರದ ಮೇಜಿನ ಸುತ್ತ ಕುಳಿತು ಚರ್ಚಿಸುವ ಪದ್ಧತಿ ಬೆಳೆಯಿತು. ದೊಡ್ಡ ತರಗತಿಯಲ್ಲಿ ಹತ್ತು ಮಂದಿ ಒಳವೃತ್ತದಲ್ಲಿ ಕುಳಿತು ಚರ್ಚಿಸಲಿ, ಉಳಿದವರು ಹೊರಗಿನಿಂದ ಗಮನಿಸಲಿ. ಯಾರ ಮಾತು ಯಾರ ಕಡೆಗೆ ಹೋಯಿತೆಂದು ಒಬ್ಬರು ಗೆರೆಗಳಲ್ಲಿ ಗುರುತಿಸಲಿ. ಗೆರೆಗಳೆಲ್ಲ ಶಿಕ್ಷಕರತ್ತಲೇ ಬಂದು ಸೇರಿದ್ದರೆ, ಮುಂದಿನ ಸಲ ನೀವು ವೃತ್ತದ ಹೊರಗೆ ಕುಳಿತುಕೊಳ್ಳಿ.

ಯಾರು ಏನು ಹೇಳಿದರೂ ಸರಿ ಎಂದು ತಲೆಯಾಡಿಸುವುದನ್ನು ಕೆಲವರು ಈ ವಿಧಾನವೆಂದು ತಿಳಿದಿದ್ದಾರೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಪ್ರತಿ ಅಭಿಪ್ರಾಯಕ್ಕೂ 'ಯಾವ ಸಾಲಿನಲ್ಲಿ?' ಎಂಬ ಪ್ರಶ್ನೆ ಎದುರಾಗಲೇಬೇಕು, ನಿಮ್ಮ ಅಭಿಪ್ರಾಯಕ್ಕೂ ಸಹ.

ನಾಟಕವಾದರೆ ಎದ್ದು ನಿಂತು ಆಡಿಸಿ. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್'ನಲ್ಲಿ ಸೀಸರನ ಗೆಳೆಯ ಆಂಟನಿ, ಸೀಸರನನ್ನು ಕೊಂದವರಲ್ಲೊಬ್ಬನಾದ ಬ್ರೂಟಸನನ್ನು ಮತ್ತೆ ಮತ್ತೆ 'ಆನರಬಲ್' (ಗೌರವಾನ್ವಿತ) ಎನ್ನುತ್ತಾನಲ್ಲ, ಆ ಮಾತನ್ನು ಪ್ರತಿ ಬಾರಿಯೂ ಬೇರೆ ಬೇರೆ ವಿದ್ಯಾರ್ಥಿಗಳಿಂದ ಹೇಳಿಸಿದರೆ, ಗೌರವ ವ್ಯಂಗ್ಯವಾಗಿ ತಿರುಗುವ ಘಳಿಗೆ ವಿವರಣೆಯಿಲ್ಲದೆಯೇ ಕಿವಿಗೆ ಬೀಳುತ್ತದೆ.

ಪಾಠ ಮುಗಿಯುವ ದಿನ ಮೊದಲ ದಿನದ ಚೀಟಿಗಳನ್ನು ಹಿಂದಿರುಗಿಸಿ, ಪ್ರತಿಯೊಬ್ಬರೂ ತಮ್ಮದೇ ಪ್ರಶ್ನೆಗೆ ಪಠ್ಯದ ಎರಡು ಸಾಲುಗಳ ಆಧಾರದಿಂದ ಒಂದು ಪುಟ ಉತ್ತರ ಬರೆಯಲಿ. ಅಂಕ ಕೊಡುವಾಗ ಆ ಎರಡು ಸಾಲುಗಳನ್ನು ಎಷ್ಟು ಗಮನವಿಟ್ಟು ಓದಿದ್ದಾರೆಂಬುದನ್ನು ಮೊದಲು ನೋಡಿ, ವ್ಯಾಕರಣವನ್ನು ಆಮೇಲೆ ನೋಡಿ.