ಬಾಲಿಗೆ ಹೊರಟಿದ್ದೀರಾ? ಜೇಬು, ಮಂಡಿ ಎರಡೂ ಉಳಿಸಿಕೊಂಡು ಸುತ್ತುವುದು ಹೀಗೆ

ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ಹನಿಮೂನಿಗೂ ಬಾಲಿ, ಆಫೀಸ್ ಟ್ರಿಪ್ಪಿಗೂ ಬಾಲಿ. ಟಿಕೆಟ್ ಸಿಕ್ಕಿದ ಖುಷಿಯಲ್ಲಿ ತಯಾರಿ ಮಾತ್ರ ಮರೆತೇ ಹೋಗುತ್ತದೆ. ಅಲ್ಲಿ ಆಗುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಮೊದಲೇ ಗೊತ್ತಿದ್ದರೆ ತಪ್ಪಿಸಬಹುದಾದವೇ.

ಮೊದಲು ದಿನಾಂಕ ನೋಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ರೂಮು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದೇ ತಿಂಗಳುಗಳಲ್ಲಿ ಕುಟಾ, ಜಿಂಬರಾನ್ ದಡಕ್ಕೆ ಪ್ಲಾಸ್ಟಿಕ್ ಕಸವೂ ರಾಶಿ ರಾಶಿ ಬಂದು ಬೀಳುತ್ತದೆ. ಇನ್ನೊಂದು, ನ್ಯೆಪಿ, ಅಂದರೆ ಬಾಲಿಯವರು ಹೊಸ ವರ್ಷಕ್ಕೆ ಆಚರಿಸುವ ಮೌನದ ದಿನ. ಅವರದೂ ಶಕ ವರ್ಷವೇ, ಹಾಗಾಗಿ ಅವರ ಹೊಸ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ, 2026ರಲ್ಲಂತೂ ಎರಡೂ ಮಾರ್ಚ್ 19ಕ್ಕೆ. ನಾವು ಒಬ್ಬಟ್ಟು ತಿನ್ನುತ್ತೇವೆ, ಅವರು ಇಡೀ ದ್ವೀಪಕ್ಕೆ ಬಾಗಿಲು ಹಾಕುತ್ತಾರೆ. 24 ಗಂಟೆ ವಿಮಾನ ನಿಲ್ದಾಣ ಬಂದ್, ರಸ್ತೆಗೆ ಕಾಲಿಡುವ ಹಾಗಿಲ್ಲ, ಮೊಬೈಲ್ ಇಂಟರ್ನೆಟ್ ಕೂಡ ಇರುವುದಿಲ್ಲ. ಹೋಟೆಲ್ ಒಳಗೇ ಇರಬೇಕು, ಪ್ರವಾಸಿ ಅಂತ ವಿನಾಯಿತಿ ಇಲ್ಲ. ಯುಗಾದಿ ರಜೆ ನೋಡಿ ಟಿಕೆಟ್ ಮಾಡುವವರು ಇದನ್ನೊಮ್ಮೆ ನೋಡಿಕೊಳ್ಳಿ.

ಕಾಗದಪತ್ರ ದೊಡ್ಡ ತಲೆನೋವಲ್ಲ. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ಭಾರತೀಯರಿಗೆ ಇಳಿದ ಮೇಲೆ ಸಿಗುವ ವೀಸಾ ಇದೆ, 30 ದಿನಕ್ಕೆ 5 ಲಕ್ಷ ರುಪಿಯಾ (ಅಲ್ಲಿನ ದುಡ್ಡು). ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಂಡರೆ ಕ್ಯೂ ತಪ್ಪುತ್ತದೆ. ಜೊತೆಗೆ 2024ರ ಫೆಬ್ರುವರಿಯಿಂದ ಬಾಲಿ ಸರ್ಕಾರ ತಲೆಗೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಹಾಕಿದೆ, ಅದನ್ನು 'ಲವ್ ಬಾಲಿ' ವೆಬ್‌ಸೈಟಿನಲ್ಲಿ ಕಟ್ಟಬಹುದು. ಎರಡೂ ಸೇರಿ ಒಬ್ಬರಿಗೆ ಮೂರೂವರೆ ಸಾವಿರ ರೂಪಾಯಿ ಹತ್ತಿರ. ಲಕ್ಷ ಅಂದಾಕ್ಷಣ ಗಾಬರಿ ಬೇಡ. ಮೂರು ಸೊನ್ನೆ ಅಳಿಸಿ ಐದೂವರೆಯಿಂದ ಗುಣಿಸಿ, ನಮ್ಮ ರೂಪಾಯಿ ಲೆಕ್ಕ ಅಂದಾಜಿಗೆ ಸಿಗುತ್ತದೆ.

ಈ ಸೊನ್ನೆಗಳೇ ಅಲ್ಲಿ ಡಾಲರ್ ಬದಲಿಸಿಕೊಡುವ ಕೆಲವು ಅಂಗಡಿಯವರಿಗೆ ಬಂಡವಾಳ. ಕುಟಾ, ಲೆಗಿಯಾನ್ ಗಲ್ಲಿಗಳಲ್ಲಿ ಮುಂದೆ ಬಟ್ಟೆ ಅಂಗಡಿ, ಒಳಗೆ ಒಂದು ಮೇಜು, ಹೊರಗೆ ಬೇರೆ ಎಲ್ಲರಿಗಿಂತ ಜಾಸ್ತಿ ರೇಟಿನ ಬೋರ್ಡು ಕಂಡರೆ ಸುಮ್ನೆ ಮುಂದೆ ಹೋಗಿ. ಯಾಕೆ ಅಂದರೆ ಆಟ ಹೀಗಿರುತ್ತದೆ: ನೀವು 200 ಡಾಲರ್ ಕೊಡುತ್ತೀರಿ, ಅವನು 20 ಸಾವಿರ, 50 ಸಾವಿರದ ಸಣ್ಣ ನೋಟುಗಳ ಕಂತೆ ತೆಗೆದು ಮೇಜಿನ ಮೇಲೆ ಗುಡ್ಡೆ ಗುಡ್ಡೆ ಮಾಡಿ ಎಣಿಸುತ್ತಾನೆ, ನೀವೂ ಎಣಿಸುತ್ತೀರಿ, ಲೆಕ್ಕ ಸರಿಯಾಗೇ ಇರುತ್ತದೆ, ಆಮೇಲೆ 'ಒಂದೇ ನಿಮಿಷ' ಅಂತ ಕಂತೆ ವಾಪಸ್ ತೆಗೆದುಕೊಂಡು ಅಂಚು ಸಮ ಮಾಡಲು ಟಪಟಪ ಕುಟ್ಟುತ್ತಾನೆ. ಆ ಕುಟ್ಟುವಾಗಲೇ ಹಿಂದಿನ ಹತ್ತು ಹದಿನೈದು ನೋಟು ಅವನ ಮಡಿಲಿಗೆ ಜಾರಿರುತ್ತವೆ. ಆದ್ದರಿಂದ ಕೊನೆಗೆ ಎಣಿಸುವವರು ನೀವೇ ಆಗಿರಬೇಕು. ಅವನ ಕೈ ಮತ್ತೆ ತಾಗಿತೋ, ಮೊದಲಿನಿಂದ ಎಣಿಸಿ. ಲಕ್ಷದ ಕೆಂಪು ನೋಟೇ ಕೊಡು ಅನ್ನಿ, ಲೆಕ್ಕ ನಿಮ್ಮ ಫೋನಿನಲ್ಲೇ ಮಾಡಿ. ಗಾಜಿನ ಕೌಂಟರ್ ಇರುವ, ಪರವಾನಗಿ ಇರುವ ದೊಡ್ಡ ಅಂಗಡಿಯಲ್ಲಿ ರೇಟು ಚೂರು ಕಡಿಮೆ ಸಿಕ್ಕರೂ ಲಾಭವೇ. ಎಟಿಎಂನಲ್ಲಿ ಇನ್ನೊಂದು ಎಚ್ಚರ, ಅಲ್ಲಿನ ಎಷ್ಟೋ ಯಂತ್ರಗಳು ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತವೆ. ದುಡ್ಡು ಕೈಗೆ ಬಂತು ಅಂತ ಹೊರಟರೆ ಕಾರ್ಡ್ ಹೋದ ಹಾಗೇ.

ಸ್ಕೂಟರ್ ವಿಷಯ. ಅಲ್ಲೂ ಎಡಗಡೆ ಓಡಿಸುವುದು, ಹಾಗಾಗಿ ನಮ್ಮವರಿಗೆ ಧೈರ್ಯ ಜಾಸ್ತಿ. ಹೊರಡುವ ಮೊದಲೇ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅದರಲ್ಲಿ ದ್ವಿಚಕ್ರ ವಾಹನದ ಮುದ್ರೆ ಇದೆಯಾ ಅಂತ ನೋಡಿ. ಬರೀ ಕಾರಿನ ಲೈಸೆನ್ಸ್ ಇಟ್ಟುಕೊಂಡು ಸ್ಕೂಟರಿನಿಂದ ಬಿದ್ದರೆ ಪ್ರಯಾಣ ವಿಮೆಯವರು ಕೈ ಎತ್ತಿಬಿಡುತ್ತಾರೆ, ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮ ತಲೆಗೇ. ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಓಡಿಸಿ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಓಡಾಡುವ ಪ್ರವಾಸಿಗಳು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಬೇಡ ಅನಿಸಿದರೆ ಗ್ರಾಬ್, ಗೋಜೆಕ್ ಅನ್ನುವ ಟ್ಯಾಕ್ಸಿ ಆ್ಯಪ್‌ಗಳಿವೆ. ಕೆಲವು ಕಡೆ ಊರಿನ ಚಾಲಕರು ಆ್ಯಪ್ ಕಾರುಗಳನ್ನು ಒಳಗೆ ಬಿಡುವುದಿಲ್ಲ, ಬೋರ್ಡೇ ಹಾಕಿರುತ್ತಾರೆ. ಜಗಳಕ್ಕೆ ಹೋಗಬೇಡಿ, ಸ್ವಲ್ಪ ದೂರ ನಡೆದು ಮುಖ್ಯರಸ್ತೆಯಲ್ಲಿ ಹತ್ತಿ.

ಸಮುದ್ರದಲ್ಲಿ ಮಾತ್ರ ತಮಾಷೆ ಬೇಡ. ಕುಟಾ, ಸೆಮಿನ್ಯಾಕ್, ಚಾಂಗು ಕಡೆ ಒಳಸೆಳೆತ ಜೋರು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಮಕ್ಕಳು, ವಯಸ್ಸಾದವರು ಇದ್ದರೆ ಸನೂರ್, ನೂಸಾ ದುಆ ಒಳ್ಳೆಯದು, ಹವಳದ ದಿಬ್ಬ ಅಲೆಯನ್ನು ದೂರದಲ್ಲೇ ತಡೆಯುತ್ತದೆ. ಪಕ್ಕದ ನೂಸಾ ಪೆನಿಡಾ ದ್ವೀಪದ ಕೆಲಿಂಗ್‌ಕಿಂಗ್ ಬಂಡೆ, ಕೆಳಗಿನ ಬೀಚಿನ ಫೋಟೊ ಎಲ್ಲರಿಗೂ ಬೇಕು, ಅಲ್ವಾ? ಮೇಲಿಂದಲೇ ತೆಗೆದುಕೊಳ್ಳಿ. ಆ ಕಡಿದಾದ ದಾರಿ ಇಳಿಯುವಾಗ ಸಲೀಸು ಅನಿಸುತ್ತದೆ, ನಡುಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಹತ್ತುವಾಗ ಗೊತ್ತಾಗುತ್ತದೆ. ಕೆಳಗಿನ ಅಲೆಗಳೂ ಭಾರೀ ಅಪಾಯ.

ಸಸ್ಯಾಹಾರಿಗಳೇ, ತರಕಾರಿ ನಾಸಿ ಗೊರೆಂಗ್ (ಅಲ್ಲಿನ ಫ್ರೈಡ್ ರೈಸ್) ಅಂದರೂ ಅದರಲ್ಲಿ ತೆರಾಸಿ ಇರಬಹುದು, ಅಂದರೆ ಸಿಗಡಿಯ ಪೇಸ್ಟು. ತಟ್ಟೆಯ ಅಂಚಿನ ಹಪ್ಪಳದಂಥ ಕ್ರುಪುಕ್ ಕೂಡ ಸಿಗಡಿಯದೇ ಇರಬಹುದು. 'ತಾನ್ಪಾ ತೆರಾಸಿ, ತಾನ್ಪಾ ಉಡಾಂಗ್' ಅನ್ನಿ, ತೆರಾಸಿ ಬೇಡ, ಸಿಗಡಿ ಬೇಡ ಅಂತ. ಮೊಟ್ಟೆಯೂ ಬೇಡ ಅಂದರೆ 'ತಾನ್ಪಾ ತೆಲೂರ್' ಸೇರಿಸಿ. ನಲ್ಲಿ ನೀರು ಕುಡಿಯಬೇಡಿ.

ಉಲುವಾಟು ದೇವಸ್ಥಾನದಲ್ಲಿ ಕನ್ನಡಕ, ಮೊಬೈಲ್ ಬ್ಯಾಗಿನೊಳಗೆ ಹಾಕಿಡಿ. ಅಲ್ಲಿನ ಕೋತಿಗಳು ಕಿತ್ತುಕೊಂಡು, ತಿಂಡಿ ಕೊಟ್ಟರೆ ಮಾತ್ರ ವಾಪಸ್ ಕೊಡುವ ವ್ಯಾಪಾರ ಕಲಿತಿವೆ. ಕಿತ್ತಾಡಲು ಹೋಗಿ ಪರಚಿಸಿಕೊಳ್ಳಬೇಡಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೆ ಕೂಡಲೇ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಯಾವ ಲಸಿಕೆ, ಯಾವ ದಿನ ಹಾಕಿದರು ಅಂತ ಬರೆಸಿಕೊಂಡು ಆ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ, ಉಳಿದ ಡೋಸ್ ಊರಿಗೆ ಬಂದು ಹಾಕಿಸಿಕೊಳ್ಳುವಾಗ ಇಲ್ಲಿನ ಡಾಕ್ಟರ್ ಮೊದಲು ಕೇಳುವುದೇ ಅದನ್ನು.